ಅನಲಾಗ್-ಡಿಜಿಟಲ್ ಪರಿವರ್ತಕ ಮತ್ತು ಮೂಲದ ಇಂಪೀಡೆನ್ಸ್: ಒಂದು ವಿವೇಚನೆ

ವಿದ್ಯುನ್ಮಾನ ಶಾಸ್ತ್ರದ ಪಠ್ಯಗಳಲ್ಲಿ ‘ಇಂಪೀಡೆನ್ಸ್ ಹೊಂದಾಣಿಕೆ’ ಎಂಬ ಮಾತು ಸಾಮಾನ್ಯವಾಗಿ ಮೊದಲು ಎದುರಾಗುವುದು ಸಾಮರ್ಥ್ಯದ ವರ್ಗಾವಣೆಯ ಸಂದರ್ಭದಲ್ಲಿ. ಮೂಲದ ಆಂತರಿಕ ರೋಧಕ್ಕೆ ಭಾರದ ರೋಧವು ಸಮನಾದಾಗ ಭಾರಕ್ಕೆ ಗರಿಷ್ಠ ಸಾಮರ್ಥ್ಯ ದೊರೆಯುತ್ತದೆ ಎಂಬುದು 19ನೆಯ ಶತಮಾನದಲ್ಲಿ ಮೋರಿಟ್ಸ್ ಯಾಕೋಬಿಯ ಹೆಸರಿನೊಡನೆ ನೆಲೆಗೊಂಡ ನಿಯಮ. ರೇಡಿಯೊ ಆಂಟೆನಾ, 50 ಓಮ್ ಕೇಬಲ್ ಮೊದಲಾದವುಗಳ ವಿಷಯದಲ್ಲಿ ಈ ಪರಿಕಲ್ಪನೆ ಅನಿವಾರ್ಯ. ಅದನ್ನೇ ಅಳತೆಯ ಕ್ಷೇತ್ರಕ್ಕೆ ಯಥಾವತ್ತಾಗಿ ತಂದರೆ ಮಾತ್ರ ತೊಡಕು. ರೋಧಗಳೆರಡೂ ಸಮನಾದರೆ ಮೂಲದ ವೋಲ್ಟೇಜಿನ ಅರ್ಧವಷ್ಟೇ ಪರಿವರ್ತಕವನ್ನು ತಲುಪುತ್ತದೆ. ಇಲ್ಲಿ ನಮಗೆ ಬೇಕಾದುದು ಸಾಮರ್ಥ್ಯವಲ್ಲ, ವೋಲ್ಟೇಜು.

ಹಾಗಾದರೆ ಪರಿವರ್ತಕದ ಒಳರೋಧ ಬಹಳ ದೊಡ್ಡದಾಗಿದ್ದರೆ ಸಾಕೆಂದು ತೋರಬಹುದು. ಈ ಉತ್ತರವೂ ಅಪೂರ್ಣ. ಇಂದು ಹೆಚ್ಚು ಬಳಕೆಯಲ್ಲಿರುವ ಅನುಕ್ರಮ ಸಾಮೀಪ್ಯ ಬಗೆಯ ಪರಿವರ್ತಕದ ಒಳಗಿರುವುದು ಸ್ಥಿರವಾದ ರೋಧಕವಲ್ಲ. ಒಂದು ಸ್ವಿಚ್ಚು ಮತ್ತು ಅದರ ಹಿಂದೆ ಒಂದು ಸಣ್ಣ ಧಾರಕ. ಸ್ವಿಚ್ಚು ಮುಚ್ಚಿರುವ ಅಲ್ಪಕಾಲದಲ್ಲಿ ಧಾರಕವು ಮೂಲದಿಂದ ಆವೇಶವನ್ನು ಪಡೆಯುತ್ತದೆ. ಸ್ವಿಚ್ಚು ತೆರೆದ ಮೇಲೆ, ಅಷ್ಟರಲ್ಲಿ ಅದು ಯಾವ ವೋಲ್ಟೇಜನ್ನು ಮುಟ್ಟಿತ್ತೋ ಅದೇ ಸಂಖ್ಯೆಯಾಗಿ ಹೊರಬರುತ್ತದೆ. ಸಣ್ಣ ಬಾಯಿಯ ನಲ್ಲಿಯಿಂದ ತಂಬಿಗೆ ತುಂಬುವವರೆಗೆ ಕಾಯದೆ ನೀರನ್ನು ಅಳೆದಂತೆ. ಆದುದರಿಂದ ಇಲ್ಲಿನ ಪ್ರಶ್ನೆ ರೋಧಗಳ ಅನುಪಾತದ್ದಕ್ಕಿಂತ ಹೆಚ್ಚಾಗಿ ಕಾಲದ್ದು.

ಒಂದು ನಿದರ್ಶನವನ್ನು ಲೆಕ್ಕ ಹಾಕಿ ನೋಡುವುದು ಉಚಿತ. ಆರ್ಡುಯಿನೊ ಯುನೊ ಫಲಕದಿಂದ ಸುಪರಿಚಿತವಾದ ಎಟಿಮೆಗಾ 328ಪಿ ಚಿಪ್ಪಿನಲ್ಲಿ 10 ಬಿಟ್‌ಗಳ ಪರಿವರ್ತಕವಿದೆ. ತಯಾರಕರ ದತ್ತಾಂಶ ಪತ್ರದ ಪ್ರಕಾರ ಅದರ ಒಳಧಾರಕ 14 ಪಿಕೊಫ್ಯಾರಡ್. ಅದಕ್ಕೆ ಸರಣಿಯಲ್ಲಿರುವ ರೋಧ 1ರಿಂದ 100 ಕಿಲೊಓಮ್. ಮೂಲದ ಇಂಪೀಡೆನ್ಸ್ 10 ಕಿಲೊಓಮ್ ಅಥವಾ ಅದಕ್ಕಿಂತ ಕಡಿಮೆ ಇರಬೇಕೆಂದು ಸಲಹೆ. ಪರಿವರ್ತಕದ ಗಡಿಯಾರ 125 ಕಿಲೊಹರ್ಟ್ಸ್ ಇದ್ದಾಗ, ಪರಿವರ್ತನೆ ಆರಂಭವಾದ ಒಂದೂವರೆ ಗಡಿಯಾರ ಆವರ್ತಗಳಿಗೆ, ಅಂದರೆ 12 ಮೈಕ್ರೋಸೆಕೆಂಡಿಗೆ, ಮಾದರಿ ಹಿಡಿಯಲಾಗುತ್ತದೆ. 10 ಬಿಟ್ ನಿಖರತೆಯಲ್ಲಿ ದೋಷವು ಅರ್ಧ ಮೆಟ್ಟಿಲಿನೊಳಗೆ ಬರಬೇಕಾದರೆ ಸುಮಾರು 7.6 ಕಾಲಸ್ಥಿರಾಂಕಗಳು ಬೇಕು. ಒಳರೋಧವನ್ನು ಗರಿಷ್ಠ 100 ಕಿಲೊಓಮ್ ಎಂದು ಹಿಡಿದು ಮೂಲದ 10 ಕಿಲೊಓಮನ್ನು ಕೂಡಿಸಿದರೆ ಕಾಲಸ್ಥಿರಾಂಕ 1.54 ಮೈಕ್ರೋಸೆಕೆಂಡ್, ಅದರ 7.6 ಪಟ್ಟು ಸುಮಾರು 11.7. ಲಭ್ಯವಿರುವ ಕಾಲ 12. ದತ್ತಾಂಶ ಪತ್ರದ ಸಲಹೆ ಎಷ್ಟು ಇಕ್ಕಟ್ಟಿನ ಅಂಚಿನಲ್ಲಿದೆಯೆಂಬುದು ಇದರಿಂದ ಸ್ಪಷ್ಟ.

ಈಗ 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿಯನ್ನು ಅಳೆಯಬೇಕೆಂದುಕೊಳ್ಳೋಣ. ಬ್ಯಾಟರಿಯಿಂದ ವ್ಯರ್ಥವಾಗಿ ಪ್ರವಾಹ ಹರಿಯಬಾರದೆಂಬ ಮಿತವ್ಯಯದ ದೃಷ್ಟಿಯಿಂದ 200 ಮತ್ತು 100 ಕಿಲೊಓಮ್ ರೋಧಕಗಳಿಂದ ವೋಲ್ಟೇಜನ್ನು ಮೂರನೆಯ ಒಂದು ಭಾಗಕ್ಕೆ ಇಳಿಸುತ್ತೇವೆ. ಪರಿವರ್ತಕಕ್ಕೆ ಕಾಣುವ ಮೂಲರೋಧ ಇವೆರಡರ ಸಮಾಂತರ ಮೌಲ್ಯ, ಅಂದರೆ 66.7 ಕಿಲೊಓಮ್. ಇದಕ್ಕೆ ಹಿಂದೆ ಓದಿದ ಚಾನೆಲ್ ಶೂನ್ಯ ವೋಲ್ಟಿನಲ್ಲಿದ್ದರೆ, ಅತಿ ಪ್ರತಿಕೂಲ ಸ್ಥಿತಿಯಲ್ಲಿ 12 ಮೈಕ್ರೋಸೆಕೆಂಡಿನ ಕೊನೆಗೆ 4 ವೋಲ್ಟಿನಲ್ಲಿ ಸುಮಾರು 23 ಮಿಲಿವೋಲ್ಟ್ ಕೊರತೆ ಉಳಿಯುತ್ತದೆ. ಮೆಟ್ಟಿಲಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಐದು. ಬ್ಯಾಟರಿಯ ವೋಲ್ಟೇಜಿಗೆ ಮರಳಿ ಗುಣಿಸಿದರೆ 70 ಮಿಲಿವೋಲ್ಟ್. ತುಂಬಿದ ಮತ್ತು ಬರಿದಾದ ಬ್ಯಾಟರಿಗಳ ತೆರೆದ ಮಂಡಲದ ವೋಲ್ಟೇಜಿನ ಅಂತರ ಒಂದು ವೋಲ್ಟನ್ನೂ ಮುಟ್ಟದಿರುವಾಗ ಈ ದೋಷ ಅಲಕ್ಷಿಸತಕ್ಕದ್ದಲ್ಲ.

ಇಲ್ಲಿಯೇ ಒಂದು ಮೋಸವೂ ಅಡಗಿದೆ. ಪ್ರಯೋಗಶಾಲೆಯಲ್ಲಿ ಸಂಶಯ ಬಂದವರು ಮೊದಲು ಕೈಗೆತ್ತಿಕೊಳ್ಳುವುದು ಮಲ್ಟಿಮೀಟರನ್ನು. 10 ಮೆಗಾಓಮ್ ಒಳರೋಧದ ಮೀಟರನ್ನು ಇದೇ ಬಿಂದುವಿಗೆ ಜೋಡಿಸಿದರೆ ಅದು ತಾನೇ ವೋಲ್ಟೇಜನ್ನು ಸುಮಾರು 26 ಮಿಲಿವೋಲ್ಟ್ ಕುಗ್ಗಿಸುತ್ತದೆ. ಒಂದಾದ ಮೇಲೊಂದರಂತೆ ಅಳೆದ ಎರಡು ಉಪಕರಣಗಳು ಬಹುತೇಕ ಒಂದೇ ತಪ್ಪನ್ನು, ಬೇರೆಬೇರೆ ಕಾರಣಗಳಿಂದ, ತೋರಿಸುತ್ತವೆ. ಅಳೆದವನು ಅದನ್ನು ದೃಢೀಕರಣವೆಂದು ಬರೆದುಕೊಳ್ಳುತ್ತಾನೆ. ಇನ್ನು ತಂತ್ರಾಂಶದಲ್ಲಿ ಸ್ಥಿರ ಸಂಖ್ಯೆಯೊಂದನ್ನು ಕೂಡಿಸಿ ಸರಿಪಡಿಸುವ ರೂಢಿಯೂ ನಿಷ್ಪ್ರಯೋಜಕ. ಕೊರತೆಯು ಹಿಂದಿನ ಚಾನೆಲಿನ ವೋಲ್ಟೇಜನ್ನು ಅವಲಂಬಿಸಿರುವುದರಿಂದ ಅದು ಸ್ಥಿರವಲ್ಲ.

ಪರಿವರ್ತಕದ ಬಾಯಿಗೆ 100 ನ್ಯಾನೊಫ್ಯಾರಡ್ ಧಾರಕವನ್ನು ಜೋಡಿಸುವುದು ಪ್ರಚಲಿತ ಪರಿಹಾರ. ಒಳಧಾರಕವು ಇದರಿಂದ ಕ್ಷಣಮಾತ್ರದಲ್ಲಿ ಆವೇಶ ಪಡೆಯುತ್ತದೆ. ಒಂದು ಓದಿಗೆ ಆಗುವ ಇಳಿತ ಕೇವಲ 0.56 ಮಿಲಿವೋಲ್ಟ್. ಆದರೆ ಕಳೆದ ಆವೇಶವನ್ನು ಮೂಲವೇ ತುಂಬಿಕೊಡಬೇಕಷ್ಟೆ. ಎರಡು ಚಾನೆಲ್‌ಗಳನ್ನು ಸರದಿಯಂತೆ, ಪ್ರತಿಯೊಂದನ್ನೂ ಸೆಕೆಂಡಿಗೆ 4800 ಸಲ ಓದಿದರೆ ಸರಾಸರಿ ಪ್ರವಾಹ 0.27 ಮೈಕ್ರೊಆಂಪಿಯರ್ ಆಗಿ, 66.7 ಕಿಲೊಓಮಿನಲ್ಲಿ 18 ಮಿಲಿವೋಲ್ಟ್ ಕಳೆದುಹೋಗುತ್ತದೆ. ಧಾರಕವಿಲ್ಲದಿದ್ದಾಗಿನ 23ರ ಮುಂದೆ ಇದು ದೊಡ್ಡ ಸುಧಾರಣೆಯೇನಲ್ಲ. ಸೆಕೆಂಡಿಗೆ ಹತ್ತೇ ಸಲ ಓದಿದರೆ ಈ ನಷ್ಟ ಲೆಕ್ಕಕ್ಕೆ ಸಿಗದಷ್ಟು ಅಲ್ಪ. ಎಂದರೆ ಧಾರಕದ ಉಪಯುಕ್ತತೆಯು ಓದಿನ ವೇಗಕ್ಕೆ ಕಟ್ಟುಬಿದ್ದಿದೆ.

ಧಾರಕವು ಮುಟ್ಟಲಾಗದ ಇನ್ನೊಂದು ದೋಷವೆಂದರೆ ಸೋರಿಕೆ. ಇದೇ ಚಿಪ್ಪಿನ ಕಾಲಿನ ಸೋರಿಕೆ ಪ್ರವಾಹದ ಘೋಷಿತ ಗರಿಷ್ಠ ಮಿತಿ 1 ಮೈಕ್ರೊಆಂಪಿಯರ್. ವಾಸ್ತವದಲ್ಲಿ ಅದು ಸಾಮಾನ್ಯವಾಗಿ ಇದಕ್ಕಿಂತ ಬಹಳ ಕಡಿಮೆಯಿದ್ದರೂ ಮಿತಿಯನ್ನೇ ನಂಬಿ ವಿನ್ಯಾಸ ಮಾಡುವವರು 67 ಮಿಲಿವೋಲ್ಟ್ ದೋಷಕ್ಕೆ ಸಿದ್ಧರಾಗಿರಬೇಕು.

ಆಪರೇಷನಲ್ ಆಂಪ್ಲಿಫೈಯರಿನ ಬಫರನ್ನು ನಡುವೆ ಇರಿಸುವುದು ಪಠ್ಯಗಳು ಹೇಳುವ ಮಾರ್ಗ. ವೇಗದ ಸಂಕೇತಗಳಿಗೆ ಅದೇ ಯುಕ್ತ. ನಿಧಾನವಾಗಿ ಬದಲಾಗುವ ಬ್ಯಾಟರಿಯ ವೋಲ್ಟೇಜಿಗೆ ಅದು ಅತಿಯಾಯಿತೆಂದು ನನ್ನ ಅಭಿಪ್ರಾಯ. 20 ಮತ್ತು 10 ಕಿಲೊಓಮ್ ರೋಧಕಗಳನ್ನು ಬಳಸಿದರೆ ಮೂಲರೋಧ 6.7 ಕಿಲೊಓಮಿಗೆ ಇಳಿದು, ಉಳಿಯುವ ಕೊರತೆ 1.3 ಮಿಲಿವೋಲ್ಟ್, ಅರ್ಧ ಮೆಟ್ಟಿಲಿಗಿಂತ ಕಡಿಮೆ. ಬ್ಯಾಟರಿಯಿಂದ ಹರಿಯುವ 400 ಮೈಕ್ರೊಆಂಪಿಯರ್ ದುಬಾರಿಯೆನಿಸಿದರೆ ಮೇಲಿನ ರೋಧಕದ ತಲೆಯಲ್ಲಿ ಟ್ರಾನ್ಸಿಸ್ಟರ್ ಸ್ವಿಚ್ಚೊಂದನ್ನು ಇರಿಸಿ, ಸೆಕೆಂಡಿಗೊಮ್ಮೆ 1 ಮಿಲಿಸೆಕೆಂಡ್ ಮಾತ್ರ ಮಂಡಲವನ್ನು ತೆರೆದುಕೊಡಬಹುದು. ಆಗ ಸರಾಸರಿ ಪ್ರವಾಹ 0.4 ಮೈಕ್ರೊಆಂಪಿಯರ್, ದೊಡ್ಡ ರೋಧಕಗಳು ಎಳೆಯುತ್ತಿದ್ದ 40ರ ನೂರನೆಯ ಒಂದು ಪಾಲು. ಆದರೆ ಹೀಗೆ ಮಾಡುವವರು ಪರಿವರ್ತಕದ ಬಾಯಿಯಲ್ಲಿ ಹಳೆಯ 100 ನ್ಯಾನೊಫ್ಯಾರಡ್ ಧಾರಕವನ್ನು ಉಳಿಸಿಕೊಂಡಿರಬಾರದು. ಅದು ಪೂರ್ಣವಾಗಿ ತುಂಬಲು 5 ಮಿಲಿಸೆಕೆಂಡಾದರೂ ಬೇಕು.