ಕರಿಹಲಗೆಯಿಂದ ಕಿರುತೆರೆಗೆ

ಬೋಧನೆಯು ಮೂಲತಃ ಮುಖಾಮುಖಿಯಾದ ಕಾರ್ಯ. ಶಿಷ್ಯನ ಕಣ್ಣಿನಲ್ಲಿ ಸಂದೇಹ ಮೂಡಿದೊಡನೆ ಗುರುವು ಹೇಳಿದ್ದನ್ನೇ ಬೇರೊಂದು ಬಗೆಯಲ್ಲಿ ಹೇಳುತ್ತಾನೆ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ನಿಮಿತ್ತ ಕಾಲೇಜುಗಳು ಮುಚ್ಚಿದಾಗ ಈ ಸಂಬಂಧಕ್ಕೇ ಧಕ್ಕೆಯೊದಗಿತು.

ದೂರಬೋಧನೆ ನಾಡಿಗೆ ಹೊಸತೇನಲ್ಲ. 1984ರಲ್ಲಿಯೇ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ದೂರದರ್ಶನದಲ್ಲಿ ಪಾಠಗಳನ್ನಾರಂಭಿಸಿತ್ತು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹವು ಗಗನಕ್ಕೇರಿತು. ಆದರೆ ಅಲ್ಲಿ ಪಾಠ ಹೇಳಿದವರು ಆಯ್ದ ಕೆಲವರು ಮಾತ್ರ. 2020ರಲ್ಲಾದರೋ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸಾಮಾನ್ಯ ಅಧ್ಯಾಪಕರ ಮೇಲೂ ಆ ಹೊಣೆ ಬಿದ್ದಿತು.

ಒಂದು ಗಂಟೆಯ ಉಪನ್ಯಾಸವನ್ನು ಹಾಗೆಯೇ ಕಿರುತೆರೆಗೆ ತಂದರೆ ಕೇಳುವವರ ಗಮನ ಚದುರುತ್ತದೆ. ಆದುದರಿಂದ ಪಾಠವನ್ನು ಸಣ್ಣ ಭಾಗಗಳಾಗಿ ಒಡೆಯಬೇಕು; ಪ್ರತಿ ಭಾಗದ ಕೊನೆಗೆ ಒಂದು ಪ್ರಶ್ನೆಯಿರಬೇಕು. ಮುಖ ಕಾಣದೆಡೆಯಲ್ಲಿ ಉತ್ತರವೇ ಶಿಷ್ಯನ ಮುಖ. ಮನೆಗೆ ಒಂದೇ ಮೊಬೈಲಿದ್ದು, ಅಣ್ಣತಂಗಿಯರು ಅದನ್ನೇ ಹಂಚಿಕೊಳ್ಳುವಲ್ಲಿ ನೇರ ಪಾಠಕ್ಕಿಂತ ಧ್ವನಿಮುದ್ರಿಕೆ ಮೇಲು. ಸಂಪರ್ಕವೇ ಸಿಗದ ಹಳ್ಳಿಗೆ ಅಚ್ಚಾದ ಟಿಪ್ಪಣಿ ಮೇಲು. ಉಪಕರಣವನ್ನು ನಡೆಸಬಲ್ಲವನಿಗಿಂತ, ಅದು ಯಾರನ್ನು ತಲಪುವುದಿಲ್ಲವೆಂಬುದನ್ನು ಅರಿತವನೇ ನಿಜವಾಗಿ ಹೊಂದಿಕೊಂಡ ಅಧ್ಯಾಪಕ.

2020ರ ನವೆಂಬರ್ 17ರಿಂದ ರಾಜ್ಯದಲ್ಲಿ ಕಾಲೇಜುಗಳು ಹಂತಹಂತವಾಗಿ ತೆರೆದವು. ಕರಿಹಲಗೆ ಮರಳಿ ದೊರೆಯಿತು. ಮುದ್ರಿತ ಪಾಠವೂ ಜೊತೆಗುಳಿದರೆ, ತರಗತಿಯಲ್ಲಿ ಕೈಯೆತ್ತಿ ಕೇಳಲು ಅಂಜುವ ವಿದ್ಯಾರ್ಥಿಯು ಅದನ್ನು ಮತ್ತೆ ಮತ್ತೆ ಕೇಳಿ ಕಲಿಯಬಲ್ಲನು. ತಂತ್ರವು ಗುರುವಿನ ಸ್ಥಾನವನ್ನು ತುಂಬಲಾರದು. ಆತನ ಧ್ವನಿಯನ್ನು ದೂರಕ್ಕೆ ಒಯ್ಯಬಲ್ಲದು.