ತಳವಾರನಿಂದ ‘ಮನೆ ಮನೆಗೆ ಪೊಲೀಸ್’ವರೆಗೆ

ಊರಿಗೆ ಹೊಸಬರು ಬಂದರೂ ಕಣದಲ್ಲಿ ರಾಗಿ ಕಳವಾದರೂ ಮೊದಲು ಗೊತ್ತಾಗುತ್ತಿದ್ದುದು ತಳವಾರನಿಗೆ. ಅವನು ಪಟೇಲರಿಗೆ ಹೇಳುತ್ತಿದ್ದ, ಪಟೇಲರು ಠಾಣೆಗೆ ಮುಟ್ಟಿಸುತ್ತಿದ್ದರು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಈ ವಂಶಪಾರಂಪರ್ಯದ ಚಾಕರಿಯನ್ನು ಕೊನೆಗಾಣಿಸಿತು. ಹುಟ್ಟಿನಿಂದಲೇ ಹೆಗಲೇರುತ್ತಿದ್ದ ಹೊರೆ ಇಳಿದದ್ದು ನ್ಯಾಯವೇ. ಆದರೆ ಊರನ್ನು ಬಲ್ಲ ಕಣ್ಣೂ ಅದರ ಜೊತೆಗೇ ಹೋಯಿತು. ಆಮೇಲೆ ಬಹುಕಾಲ ಉಳಿದದ್ದು ಬೀಟ್ ಪುಸ್ತಕ. ರಾತ್ರಿ ಪೇದೆಯ ಸಹಿ ಬಿದ್ದರೆ ಗಸ್ತು ಮುಗಿಯಿತು. ಮನೆಯವರ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ.

ಬರೆದುಕೊಂಡರೆ ಏನಾಗುತ್ತದೆ? 1980ರ ದಶಕದಲ್ಲಿ ಅಮೆರಿಕದ ನ್ಯೂಪೋರ್ಟ್ ನ್ಯೂಸ್ ಪಟ್ಟಣದಲ್ಲಿ ನ್ಯೂ ಬ್ರಯರ್‌ಫೀಲ್ಡ್ ಎಂಬ ಬಡವರ ವಸತಿ ಸಮುಚ್ಚಯವಿತ್ತು. ಅಲ್ಲಿ ಕನ್ನಗಳವು ನಿಲ್ಲುತ್ತಲೇ ಇರಲಿಲ್ಲ. ಅಪರಾಧದ ಬೇರನ್ನು ಹುಡುಕಬೇಕೆಂದು 1979ರಲ್ಲೇ ಬರೆದಿದ್ದ ಕಾನೂನು ಪ್ರಾಧ್ಯಾಪಕ ಹರ್ಮನ್ ಗೋಲ್ಡ್‌ಸ್ಟೀನ್ ಅವರ ವಿಚಾರವನ್ನು ಪೊಲೀಸರು ಅಲ್ಲಿ ಪ್ರಯೋಗಿಸಿದರು, ನಿವಾಸಿಗಳನ್ನೇ ಕೇಳಿದರು. ಜನ ಕಳ್ಳರ ಜೊತೆಗೆ ಕಟ್ಟಡದ ದುಃಸ್ಥಿತಿಯನ್ನೂ ತೋಡಿಕೊಂಡರು: ಭದ್ರವಿಲ್ಲದ ಬಾಗಿಲು, ಕಿಟಕಿ, ಖಾಲಿ ಬಿದ್ದ ಮನೆಗಳು. ಪೊಲೀಸರು ಬೇರೆ ಇಲಾಖೆಗಳ ಬೆನ್ನು ಹತ್ತಿ ಕಸ ತೆಗೆಸಿದರು, ಪಾಳು ಮನೆಗಳನ್ನು ಭದ್ರಪಡಿಸಿದರು. ಕನ್ನಗಳವು ಶೇ 35ರಷ್ಟು ಇಳಿಯಿತು. ಲಾಠಿಯಿಂದ ಆಗದ್ದು ಪ್ರಶ್ನೆಯಿಂದ ಆಯಿತು.

ನಮ್ಮಲ್ಲಿ 2017ರಲ್ಲಿ ಹೊಸ ಬೀಟ್ ವ್ಯವಸ್ಥೆ ಬಂತು. ಪ್ರತಿ ಬೀಟ್‌ಗೂ ಒಬ್ಬ ಸಿಬ್ಬಂದಿ, ಸ್ಥಳೀಯರೇ ಅದರ ಸದಸ್ಯರು. 2025ರ ಜುಲೈನಲ್ಲಿ ರಾಜ್ಯ ಸರ್ಕಾರ ‘ಮನೆ ಮನೆಗೆ ಪೊಲೀಸ್’ ಆರಂಭಿಸಿತು. ನಲವತ್ತು–ಐವತ್ತು ಮನೆಗಳ ಗುಂಪು ಮಾಡಿ, ಬಾಗಿಲಿಗೇ ಹೋಗಿ ಅಹವಾಲು ಕೇಳುವ ಯೋಜನೆ ಇದು.

ಬೆಂಗಳೂರು ಗ್ರಾಮಾಂತರಕ್ಕೆ ಇದು ಬೇಕೇಬೇಕು. ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳು, ಸೋಂಪುರದ ಕಾರ್ಖಾನೆಗಳು, ಹೊಸಕೋಟೆಯ ಗೋದಾಮುಗಳು, 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಬದಲಾದ ದೇವನಹಳ್ಳಿ: ಎಲ್ಲೆಡೆ ಬಾಡಿಗೆ ಮನೆ, ಹೊಸ ಮುಖ. ಹೊರಗಿನಿಂದ ದುಡಿಯಲು ಬಂದವರ ಆಧಾರ್ ನಕಲು ಪಡೆದು ಹೊರಟರೆ ಅದು ತಪಾಸಣೆಯಷ್ಟೇ. ರಾತ್ರಿ ಪಾಳಿ ಮುಗಿಸಿ ಬರುವ ಹೆಣ್ಣುಮಗಳಿಗೆ ಯಾವ ತಿರುವಿನಲ್ಲಿ ಭಯವೆಂದು ಅವಳಿಗೆ ತಿಳಿಯುವ ಭಾಷೆಯಲ್ಲಿ ಕೇಳಬೇಕು. ಉತ್ತರ ‘ಬೀದಿದೀಪವಿಲ್ಲ’ ಎಂದಾದರೆ ಅದು ನಗರಸಭೆಗೋ ಗ್ರಾಮ ಪಂಚಾಯಿತಿಗೋ ತಲುಪಬೇಕು. ದೀಪ ಹತ್ತಿತೇ ಎಂದು ನೋಡಲು ಅದೇ ಪೇದೆ ಮತ್ತೆ ಬರಬೇಕು.

ನಿಮ್ಮ ಬಾಗಿಲಿಗೆ ಪೊಲೀಸರು ಬಂದರೆ ಹೆಸರು, ಫೋನ್ ನಂಬರ್ ಕೊಟ್ಟು ಕಳಿಸಿಬಿಡಬೇಡಿ. ಕೂರಿಸಿ, ಬೀದಿಯ ತೊಂದರೆ ಹೇಳಿ, ಬರೆದುಕೊಂಡರೇ ನೋಡಿ, ಮುಂದಿನ ಸಲ ಬಂದಾಗ ಏನಾಯಿತೆಂದು ಕೇಳಿ.