ಕ್ಲಚ್ಚಿನೊಳಗೆ ಗಾಳಿ ಹೊಕ್ಕಾಗ

ಯಂತ್ರದ ಹೊರಮೈಯನ್ನು ಪರದೆಯ ಮೇಲೆ ತೋರಿಸುವುದು ಸುಲಭ. ಕೊಳವೆಯೊಳಗೆ ನಡೆಯುವುದನ್ನು ತೋರಿಸುವುದು ಕಷ್ಟ. ಹಳೆಯ ಕಾರುಗಳ ಬಗೆಗಿನ ಚರ್ಚೆಯಲ್ಲಿ ಸಮಯ ಸಾಲದೆ ಬಿಟ್ಟ ಒಂದು ವಿಷಯವನ್ನು ವೀಕ್ಷಕರಿಗಾಗಿ ಇಲ್ಲಿ ವಿವರಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ತಂದೆಯವರ ಅಂಬಾಸಿಡರ್ ಕಾರಿನಲ್ಲಿ ಬೆಂಗಳೂರಿನಿಂದ ಗುಬ್ಬಿಗೆ ಹೊರಟಿದ್ದೆ. ತುಮಕೂರಿನ ಸತ್ಯಮಂಗಲದ ಬಳಿ ಕ್ಲಚ್ ತುಳಿದರೆ ಪೆಡಲ್ ಸೀದಾ ನೆಲಕ್ಕೆ ಹೋಯಿತು. ಗೇರ್ ಬದಲಿಸಲು ಹೋದರೆ ಕರಕರ ಸದ್ದು. ಹಿಂದೆ ಲಾರಿಗಳ ಸಾಲು. ಹೇಗೋ ಕಾರನ್ನು ಬದಿಗೆ ತಂದೆ. ಹತ್ತಿರದ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಎರಡು ಸಲ ಪೆಡಲ್ ಒತ್ತಿ ನೋಡಿ ಹೇಳಿದರು: “ಏರ್ ಹಿಡ್ಕೊಂಡಿದೆ ಸಾರ್. ತೆಗೆಯೋದು ಹತ್ತು ನಿಮಿಷದ ಕೆಲಸ. ಆದ್ರೆ ಅದು ಒಳಗೆ ಹೋಗಿದ್ದೆಲ್ಲಿಂದ?”

ಈ ಪ್ರಶ್ನೆಯ ಮಹತ್ವ ತಿಳಿಯಲು ಸ್ವಲ್ಪ ವಿಜ್ಞಾನ ಬೇಕು. ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಬ್ರೇಕ್ ಆಯಿಲನ್ನು ಕೊಳವೆಯೊಳಕ್ಕೆ ದೂಡುತ್ತದೆ. ಆ ಒತ್ತಡ ಗೇರ್‌ಬಾಕ್ಸಿನ ಬಳಿಯ ಸ್ಲೇವ್ ಸಿಲಿಂಡರನ್ನು ತಲುಪಿ, ಅಲ್ಲಿನ ಪಿಸ್ಟನ್ ಕ್ಲಚ್ಚಿನ ಫೋರ್ಕನ್ನು ಸರಿಸುತ್ತದೆ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಇರುವ ಸಂಬಂಧ ಆಗ ಕಡಿಯುತ್ತದೆ. ಮುಚ್ಚಿದ ದ್ರವದಲ್ಲಿ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು 17ನೆಯ ಶತಮಾನದಲ್ಲಿ ಪಾಸ್ಕಲ್ ತೋರಿಸಿಕೊಟ್ಟ ತತ್ವವೇ ಇದಕ್ಕೆ ಆಧಾರ.

ದ್ರವ ಹೆಚ್ಚುಕಡಿಮೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಮಾಸ್ಟರ್ ಸಿಲಿಂಡರಿನ ಒಳವ್ಯಾಸ 19 ಮಿ.ಮೀ., ಪಿಸ್ಟನ್ ಸರಿಯುವ ದೂರ 3 ಸೆಂ.ಮೀ. ಎಂದಿಟ್ಟುಕೊಳ್ಳಿ. ಒಂದು ತುಳಿತಕ್ಕೆ ಸುಮಾರು 8.5 ಘನ ಸೆಂ.ಮೀ. ಆಯಿಲ್ ಮುಂದೆ ಹೋಗಬೇಕು. ಒಳಗೆ 2 ಘನ ಸೆಂ.ಮೀ. ಗಾಳಿಯಿದ್ದು, ಒತ್ತಡ ಇಪ್ಪತ್ತು ಪಟ್ಟಾದರೆ, ಅದು ಇಪ್ಪತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅಂದರೆ ನಿಮ್ಮ ತುಳಿತದ ಐದನೆಯ ಒಂದು ಪಾಲಿಗಿಂತ ಹೆಚ್ಚು, ಗಾಳಿಯನ್ನು ಹಿಂಡುವುದರಲ್ಲೇ ಮುಗಿಯಿತು! ಕ್ಲಚ್ ಪೂರ್ತಿ ಬಿಡುವುದಿಲ್ಲ; ಗೇರಿನ ಹಲ್ಲುಗಳು ಉಜ್ಜುತ್ತವೆ.

ಗಾಳಿ ತೆಗೆಯುವ ಕ್ರಮ ಹೀಗಿದೆ. ಇದಕ್ಕೆ ಇಬ್ಬರು ಬೇಕು. ಚಕ್ರಗಳಿಗೆ ಅಡ್ಡ ಕೊಡಿ; ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಎಂದೂ ನುಸುಳಬೇಡಿ. ಆಯಿಲ್ ಡಬ್ಬಿಯನ್ನು ತುಂಬಿಸಿ. ಸ್ಲೇವ್ ಸಿಲಿಂಡರಿನ ನಿಪ್ಪಲ್ಲಿಗೆ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಒಬ್ಬರು ಪೆಡಲನ್ನು ನಿಧಾನವಾಗಿ ತುಳಿಯುವಾಗ ಇನ್ನೊಬ್ಬರು ನಿಪ್ಪಲ್ ಸಡಿಲಿಸಬೇಕು. ಗುಳ್ಳೆಗಳು ಬರುತ್ತವೆ. ಪೆಡಲ್ ತಳ ಮುಟ್ಟಿದಾಗ, ಕಾಲು ತೆಗೆಯುವ ಮೊದಲೇ, ನಿಪ್ಪಲನ್ನು ಬಿಗಿಯಬೇಕು. ಈ ಅನುಕ್ರಮ ತಪ್ಪಿದರೆ ಹೋದ ಗಾಳಿ ಹಿಂದಿರುಗುತ್ತದೆ. ಗುಳ್ಳೆ ನಿಲ್ಲುವವರೆಗೂ ಹೀಗೆಯೇ ಮಾಡಿ, ನಡುನಡುವೆ ಡಬ್ಬಿಗೆ ಆಯಿಲ್ ಸೇರಿಸುತ್ತಿರಿ. ಡಬ್ಬಿ ಬರಿದಾದರೆ ಮತ್ತೆ ಮೊದಲಿನಿಂದ ಶುರು. ಗಾಳಿ ಮೇಲಕ್ಕೇರುವುದರಿಂದ ನಿಪ್ಪಲ್ ಸಿಲಿಂಡರಿನ ಮೇಲ್ತುದಿಯಲ್ಲಿರಬೇಕು. ಹೊರಬಂದ ಆಯಿಲನ್ನು ಮತ್ತೆ ಬಳಸಬಾರದು. ಅದು ಕಾರಿನ ಬಣ್ಣದ ಮೇಲೆ ಬಿದ್ದರೆ ಬಣ್ಣ ಏಳುತ್ತದೆ. ಕೂಡಲೇ ನೀರಿನಿಂದ ತೊಳೆಯಿರಿ.

ಇನ್ನು ಮೆಕ್ಯಾನಿಕ್ಕರ ಪ್ರಶ್ನೆ. ಸ್ಲೇವ್ ಸಿಲಿಂಡರಿನ ರಬ್ಬರ್ ಟೊಪ್ಪಿಗೆಯನ್ನು ಅವರು ಸರಿಸಿದಾಗ ಒಳಗೆಲ್ಲ ಒದ್ದೆಯಾಗಿತ್ತು. ಸೀಲ್ ಊದಿಕೊಂಡು ಮೆತ್ತಗಾಗಿತ್ತು. ಹಿಂದೆ ಯಾರೋ ಡಬ್ಬಿಗೆ ಬ್ರೇಕ್ ಆಯಿಲಿನ ಬದಲು ಎಂಜಿನ್ ಆಯಿಲ್ ಸುರಿದಿದ್ದರು! ಹೆಸರಿನಲ್ಲಿ ಆಯಿಲ್ ಎಂದಿದ್ದರೂ ಬ್ರೇಕ್ ಆಯಿಲ್ ಖನಿಜ ತೈಲವಲ್ಲ. ಗ್ಲೈಕಾಲ್ ಮೂಲದ ದ್ರವ. ಅದಕ್ಕೆಂದೇ ಮಾಡಿದ ರಬ್ಬರು ಖನಿಜ ತೈಲ ತಾಗಿದರೆ ಊದಿಕೊಂಡು ಹಾಳಾಗುತ್ತದೆ. ಅಂದು ಗಾಳಿಯನ್ನಷ್ಟೇ ತೆಗೆಸಿ ಹೊರಟಿದ್ದರೆ ಗುಬ್ಬಿ ಸೇರುವ ಮೊದಲೇ ಮತ್ತೆ ನಿಲ್ಲಬೇಕಾಗುತ್ತಿತ್ತು. ಎರಡೂ ಸಿಲಿಂಡರುಗಳ ರಬ್ಬರ್ ಕಿಟ್ಟನ್ನೂ ಹೋಸನ್ನೂ ಬದಲಿಸಿ, ಕೊಳವೆಯನ್ನು ತೊಳೆಯಲು ಮರುದಿನದವರೆಗೆ ಹಿಡಿಯಿತು.

ಅವರು ಮರೆಯದೆ ನೋಡಿದ್ದು ಬ್ರೇಕಿನ ಡಬ್ಬಿಯನ್ನು. ನಮ್ಮ ಪುಣ್ಯಕ್ಕೆ ಅದು ಬೇರೆಯಾಗಿತ್ತು. ಒಳಗೆ ಸರಿಯಾದ ದ್ರವವೇ ಇತ್ತು. ಕೆಲವು ಕಾರುಗಳಲ್ಲಿ ಎರಡಕ್ಕೂ ಒಂದೇ ಡಬ್ಬಿ. ಅಂಥ ಕಡೆ ಈ ತಪ್ಪು ನಡೆದರೆ ಕೈಕೊಡುವುದು ಕ್ಲಚ್ ಮಾತ್ರವಲ್ಲ.

ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಇರುವ ಕಾರುಗಳನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಿ. ತೆರೆದಿಟ್ಟ ಹಳೆಯ ಡಬ್ಬದ್ದನ್ನು ಸುರಿಯಬೇಡಿ. ಪೆಡಲ್ ಮೆತ್ತಗಾದರೆ ಗಾಳಿ ತೆಗೆಸಿ. ಆದರೆ ಅದು ಹೊಕ್ಕ ದಾರಿ ಸಿಗುವವರೆಗೂ ರಿಪೇರಿ ಮುಗಿಯಿತೆಂದು ತಿಳಿಯಬೇಡಿ.